ಸಣ್ಣ ಲೇತ್‌ನಲ್ಲಿ ಫೀಡ್ ನಿಧಾನ ಮಾಡಲು ಗೇರ್ ಬದಲಿಸುವುದು

ಚನ್ನಗಿರಿ ಕಡೆಯಿಂದ ನನ್ನ ಶೆಡ್ಡಿಗೆ ಬರುವ ಕೆಲಸದಲ್ಲಿ ಅಡಿಕೆ ಸುಲಿಯುವ ಮಷಿನ್ನಿನ ಶಾಫ್ಟ್‌ಗಳೇ ಜಾಸ್ತಿ. 6204 ಬೇರಿಂಗ್ ಕೂರುವ ಜಾಗ, ಅಂದರೆ 20 ಮಿ.ಮೀ. ವ್ಯಾಸ, 14 ಮಿ.ಮೀ. ಅಗಲ. ಆ ಜಾಗ ನುಣ್ಣಗೆ ಬರಲೇಬೇಕು, ಅದು ಬರೀ ಅಂದದ ಮಾತಲ್ಲ. ಲೇತ್ ಅಂದರೆ ಶಾಫ್ಟನ್ನು ತಿರುಗಿಸಿ ಟೂಲ್‌ನಿಂದ ಕೊಯ್ಯುವ ಮಷಿನ್. ಅದರಲ್ಲಿ ಟೂಲ್ ಓಡಿದ ಮೇಲೆ ಶಾಫ್ಟ್ ಮೇಲೆ ನೇಗಿಲ ಸಾಲಿನ ಹಾಗೆ ಏರುತಗ್ಗು ಉಳಿಯುತ್ತದೆ. ಮೈಕ್ರೋಮೀಟರ್ ಅಳೆಯುವುದು ಏರುಗಳ ತುದಿಯನ್ನು. ಬೇರಿಂಗ್ ಒತ್ತಿ ಕೂರಿಸಿದಾಗ ಆ ತುದಿಗಳು ಜಜ್ಜಿ ಹೋಗುತ್ತವೆ. ಅಳತೆಯಲ್ಲಿ ಟೈಟ್ ಇದ್ದದ್ದು ಕೆಲಸದಲ್ಲಿ ಸಡಿಲವಾಗುತ್ತದೆ. ಎಮರಿ ಹಾಳೆ ಉಜ್ಜಿದರೆ ಹೊಳಪು ಬರುತ್ತದೆ ನಿಜ, ಆದರೆ ಅಳತೆಯೂ ಹೋಗುತ್ತದೆ, ದುಂಡಾಕಾರವೂ ಕೆಡುತ್ತದೆ. ಸರಿಯಾದ ದಾರಿ ಅಂದರೆ ಫೀಡ್ ಕಡಿಮೆ ಮಾಡುವುದು. ಶಾಫ್ಟ್ ಒಂದು ಸುತ್ತು ತಿರುಗುವಾಗ ಟೂಲ್ ಮುಂದೆ ಹೋಗುವ ದೂರವೇ ಫೀಡ್.

ನಮ್ಮ ಪಕ್ಕದ ಹರಿಹರದಲ್ಲಿ 1941ರಿಂದ ಮೈಸೂರು ಕಿರ್ಲೋಸ್ಕರ್‌ನವರು ಲೇತ್ ಮಾಡುತ್ತಿದ್ದರು. ದಾವಣಗೆರೆಯ ಟರ್ನರ್‌ಗಳಿಗೆ ಗೇರ್ ಬಾಕ್ಸ್ ಇರುವ ದೊಡ್ಡ ಲೇತ್ ಹೊಸದೇನಲ್ಲ. ಅಲ್ಲಿ ಲಿವರ್ ಸರಿಸಿದರೆ ಫೀಡ್ ಬದಲಾಗುತ್ತದೆ. ಟೇಬಲ್ ಮೇಲೆ ಕೂರುವ ಸಣ್ಣ ಲೇತ್‌ಗೆ ಆ ಬಾಕ್ಸ್ ಇರುವುದಿಲ್ಲ. ಎಡಗಡೆ ಕವರ್ ಬಿಚ್ಚಿ, ಕೈಯಾರೆ ಗೇರ್ ಬದಲಿಸಬೇಕು.

ಐ.ಟಿ.ಐ.ನಲ್ಲಿ ಟರ್ನರ್ ಕಲಿಯುತ್ತಿರುವ ನಮ್ಮ ಅಕ್ಕನ ಮಗ ಕೇಳಿದ: "ಮಾವ, ಮೋಟರ್ ಸ್ಪೀಡ್ ಕಡಿಮೆ ಮಾಡಿದ್ರೆ ಸಾಕಲ್ವಾ?" ಸಾಕಾಗುವುದಿಲ್ಲ. ಟೂಲ್ ಹೊತ್ತ ಕ್ಯಾರೇಜನ್ನು ಓಡಿಸುವ ಉದ್ದ ಸ್ಕ್ರೂ, ಅಂದರೆ ಲೀಡ್ ಸ್ಕ್ರೂ, ತಿರುಗುವುದು ಶಾಫ್ಟ್ ಹಿಡಿದ ಚಕ್ ಕೂರುವ ಸ್ಪಿಂಡಲ್‌ನಿಂದಲೇ. ಚಕ್ ನಿಧಾನವಾದರೆ ಕ್ಯಾರೇಜ್ ಕೂಡ ಅಷ್ಟೇ ನಿಧಾನವಾಗುತ್ತದೆ. ಚಕ್ಕಿನ ಒಂದು ಸುತ್ತಿಗೆ ಟೂಲ್ ಎಷ್ಟು ಮುಂದೆ ಹೋಗುತ್ತದೆ ಅನ್ನುವ ಲೆಕ್ಕ ಬದಲಾಗುವುದಿಲ್ಲ. ಸಾಲುಗಳು ಹಾಗೇ ಇರುತ್ತವೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಿ ಹೇಳಬೇಕು. ಎರಡು ಗೇರ್ ನಡುವೆ ಇನ್ನೊಂದು ಗೇರ್ ಒಂಟಿಯಾಗಿ ಇಟ್ಟರೆ ಫೀಡ್ ಕಡಿಮೆಯಾಗುತ್ತದೆ ಅಂತ ಹಲವರು ಅಂದುಕೊಳ್ಳುತ್ತಾರೆ. ಆ ಗೇರ್‌ಗೆ 30 ಹಲ್ಲು ಇರಲಿ, 80 ಇರಲಿ, ಒಂದು ಕಡೆಯಿಂದ ತಗೊಂಡ ಹಲ್ಲನ್ನು ಇನ್ನೊಂದು ಕಡೆ ಹಾಗೇ ದಾಟಿಸುತ್ತದೆ. ದಿಕ್ಕು ಬದಲಾಗುತ್ತದೆ, ವೇಗ ಬದಲಾಗುವುದಿಲ್ಲ. ವೇಗ ಇಳಿಯಬೇಕಾದರೆ ಒಂದೇ ಬುಷ್ ಮೇಲೆ ಎರಡು ಗೇರ್ ಜೋಡಿಯಾಗಿ ತಿರುಗಬೇಕು: ದೊಡ್ಡದು ತಿರುಗಿಸಿಕೊಳ್ಳುವುದು, ಅದರ ಜೊತೆಗಿರುವ ಚಿಕ್ಕದು ಮುಂದಿನದನ್ನು ತಿರುಗಿಸುವುದು.

ಲೆಕ್ಕ ಸುಲಭ. ತಿರುಗಿಸುವ ಗೇರ್‌ಗಳ ಹಲ್ಲನ್ನು ಗುಣಿಸಿ, ತಿರುಗಿಸಿಕೊಳ್ಳುವ ಗೇರ್‌ಗಳ ಹಲ್ಲಿನ ಗುಣಲಬ್ಧದಿಂದ ಭಾಗಿಸಿ, ಲೀಡ್ ಸ್ಕ್ರೂ ಪಿಚ್‌ನಿಂದ (ಸ್ಕ್ರೂ ಒಂದು ಸುತ್ತಿಗೆ ಕ್ಯಾರೇಜನ್ನು ಸರಿಸುವ ದೂರ) ಗುಣಿಸಿ. ನನ್ನ ಲೇತ್‌ನ ಲೀಡ್ ಸ್ಕ್ರೂ 1.5 ಮಿ.ಮೀ. ಪಿಚ್ಚಿನದು. ಮೊದಲು ಅದಕ್ಕೆ 40, 80, 20, 60 ಹಾಕಿತ್ತು. 40 ಗೇರ್ 80ನ್ನು ತಿರುಗಿಸಿದರೆ ಅರ್ಧ, 20 ಗೇರ್ 60ನ್ನು ತಿರುಗಿಸಿದರೆ ಮೂರನೇ ಒಂದು. ಸುತ್ತಿಗೆ 0.25 ಮಿ.ಮೀ. ಫೀಡ್. ಈಗ 20, 80, 20, 80 ಹಾಕಿದ್ದೇನೆ. ನಾಲ್ಕನೇ ಒಂದರಲ್ಲಿ ನಾಲ್ಕನೇ ಒಂದು, ಅಂದರೆ ಹದಿನಾರನೇ ಒಂದು. ಫೀಡ್ 0.094 ಮಿ.ಮೀ.ಗೆ ಇಳಿಯಿತು. ಟೂಲ್ ತುದಿಯ ರೇಡಿಯಸ್ 0.4 ಮಿ.ಮೀ. ಇದ್ದರೆ, ಲೆಕ್ಕದ ಪ್ರಕಾರ ಏರುತಗ್ಗು ಸುಮಾರು 20 ಮೈಕ್ರಾನ್‌ನಿಂದ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ) 3 ಮೈಕ್ರಾನ್‌ಗೆ ಬರುತ್ತದೆ. ಫೀಡ್ ಅರ್ಧ ಮಾಡಿದರೆ ಏರುತಗ್ಗು ಕಾಲು ಭಾಗಕ್ಕೆ ಇಳಿಯುತ್ತದೆ, ಅದಕ್ಕೇ ಇಷ್ಟು ವ್ಯತ್ಯಾಸ.

ಸಮಯ ಹಾಳು ಅಂತ ಹೆದರಬೇಡಿ. 14 ಮಿ.ಮೀ. ಉದ್ದಕ್ಕೆ ಸುಮಾರು 150 ಸುತ್ತು ಬೇಕು. ನಿಮಿಷಕ್ಕೆ 600 ಸುತ್ತಿನಲ್ಲಿ ಬರೀ 15 ಸೆಕೆಂಡಿನ ಕೆಲಸ.

ಬೇರೆ ಕಡೆಯಿಂದ ಗೇರ್ ತರುವುದಾದರೆ ಹಲ್ಲಿನ ಸಂಖ್ಯೆ ಮಾತ್ರ ನೋಡಿ ತರಬೇಡಿ, ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರದ ಅಳತೆ, ಕೂಡ ಒಂದೇ ಇರಬೇಕು. ಹೊರಗಿನ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು, ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ ಅದರಿಂದ ಭಾಗಿಸಿ. 80 ಹಲ್ಲಿನ ಗೇರ್ 82 ಮಿ.ಮೀ. ಬಂದರೆ ಅದು 1 ಮಾಡ್ಯೂಲ್. ಒಳತೂತು ಮತ್ತು ಕೀ ಕೂರುವ ಸೀಳನ್ನೂ ನೋಡಿಕೊಳ್ಳಿ.

ಕೆಲಸಕ್ಕೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕವರ್ ಬಿಚ್ಚಿ, ಈಗಿರುವ ಜೋಡಣೆಯನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ನಡುವಿನ ಗೇರ್‌ಗಳ ಪಿನ್ ಹೊತ್ತ ಕ್ವಾಡ್ರಂಟ್ ಪ್ಲೇಟ್‌ನ ನಟ್ ಸಡಿಲಿಸಿ, ಕೆಳಗೆ ಇಳಿಸಿ, ಗೇರ್‌ಗಳನ್ನು ಹೊರಗೆ ತೆಗೆಯಿರಿ. ಹಲ್ಲಿನ ಸಂದಿಯ ಚೂರುಗಳನ್ನು ಬ್ರಷ್‌ನಿಂದ ತೆಗೆಯಿರಿ. ಒಂದು ಚೂರು ಉಳಿದರೂ ಪ್ರತಿ ಸುತ್ತಿಗೂ ಟಕ್ ಅನ್ನುತ್ತದೆ, ಪ್ಲಾಸ್ಟಿಕ್ ಗೇರ್ ಆದರೆ ಹಲ್ಲೇ ಹೋಗಬಹುದು.

ಜೋಡಿಸುವಾಗ ಲೀಡ್ ಸ್ಕ್ರೂ ಕಡೆಯಿಂದ ಶುರು ಮಾಡಿ. 80 ಗೇರ್ ಅಲ್ಲಿ ಕೂರಿಸಿ, ಕ್ವಾಡ್ರಂಟ್ ಪಿನ್ನಿನ 20ನ್ನು ಅದಕ್ಕೆ ಕೂಡಿಸಿ. ಆಮೇಲೆ ಇಡೀ ಪ್ಲೇಟನ್ನು ಮೇಲಕ್ಕೆ ತಿರುಗಿಸಿ, ಪಿನ್ನಿನ 80ನ್ನು ಸ್ಪಿಂಡಲ್ ಕಡೆಯ ಮೇಲಿನ 20ಕ್ಕೆ ಕೂಡಿಸಿ. ಹಲ್ಲುಗಳ ನಡುವೆ ಒಂದು ಚೂರು ನ್ಯೂಸ್ ಪೇಪರ್ ಇಟ್ಟು, ಒತ್ತಿ ಹಿಡಿದು ನಟ್ ಟೈಟ್ ಮಾಡಿ. ನಂತರ ಚಕ್ ಕೈಯಿಂದ ತಿರುಗಿಸಿ ಪೇಪರ್ ಹೊರಗೆ ತೆಗೆಯಿರಿ. ಅದರ ಮೇಲೆ ಮಡಿಕೆ ಬಿದ್ದು, ಹರಿಯದೆ ಇದ್ದರೆ ಸಂದಿ ಸರಿಯಾಗಿದೆ. ಪೂರ್ತಿ ಒತ್ತಿ ಕೂರಿಸಿದ ಗೇರ್ ಕಿರುಚುತ್ತದೆ, ಆ ಅದುರಿಕೆ ಜಾಬ್ ಮೇಲೂ ಮೂಡುತ್ತದೆ. ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಜಾಸ್ತಿ ಹಚ್ಚಿದರೆ ಚೂರು ಹಿಡಿಯುತ್ತದೆ.

ಈಗ ಪರೀಕ್ಷೆ. ಚಕ್ ಮೇಲೂ ಲೀಡ್ ಸ್ಕ್ರೂ ತುದಿಯ ಮೇಲೂ ಸೀಮೆಸುಣ್ಣದ ಗುರುತು ಹಾಕಿ. ಸಂದಿಯ ಸಡಿಲ ಹೋಗುವಷ್ಟು ಚಕ್ ತಿರುಗಿಸಿ, ಅಲ್ಲಿಂದ ಎಣಿಸಿ. ಚಕ್ 16 ಸುತ್ತು ತಿರುಗುವಾಗ ಲೀಡ್ ಸ್ಕ್ರೂ ಸರಿಯಾಗಿ ಒಂದು ಸುತ್ತು ಬರಬೇಕು. ಬರದಿದ್ದರೆ, ಒಂದೋ ಗೇರ್ ತಪ್ಪು ಜಾಗದಲ್ಲಿದೆ, ಇಲ್ಲವೇ ನಿಮ್ಮ ಲೇತ್‌ನ ಟಂಬ್ಲರ್ ಗೇರ್‌ಗಳು (ಫೀಡ್‌ನ ದಿಕ್ಕು ಬದಲಿಸಲು ಸ್ಪಿಂಡಲ್ ಪಕ್ಕ ಇರುವವು) ಸ್ಪಿಂಡಲ್‌ನ ಒಂದು ಸುತ್ತಿಗೆ ಒಂದೇ ಸುತ್ತು ದಾಟಿಸುತ್ತಿಲ್ಲ. ಎರಡನೆಯದಾದರೆ ಆ ಲೆಕ್ಕವನ್ನೂ ಸೇರಿಸಿಕೊಳ್ಳಿ.

ಇನ್ನೂ ನಿಧಾನ ಬೇಕೆಂದರೆ ಮತ್ತೊಂದು ಪಿನ್ ಹಾಕಿ, 20 ಮತ್ತು 40ರ ಇನ್ನೊಂದು ಜೋಡಿ ಸೇರಿಸಬಹುದು. ಫೀಡ್ 0.047 ಆಗುತ್ತದೆ. ಹಲ್ಲು ಕೂಡುವ ಜಾಗ ಒಂದು ಜಾಸ್ತಿಯಾದ್ದರಿಂದ ಕ್ಯಾರೇಜ್ ಉಲ್ಟಾ ಓಡುತ್ತದೆ, ಟಂಬ್ಲರ್ ಲಿವರ್ ಬದಲಿಸಿ. ನಾನು ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ತೀರಾ ತೆಳ್ಳಗಾದರೆ ಟೂಲ್ ಕೊಯ್ಯುವುದನ್ನು ಬಿಟ್ಟು ಉಜ್ಜಲು ಶುರು ಮಾಡುತ್ತದೆ, ಶಾಫ್ಟ್ ಬಿಸಿಯಾಗುತ್ತದೆ, ಮೊನೆ ಬೇಗ ಸವೆಯುತ್ತದೆ. ಕಾರ್ಬೈಡ್ ಇನ್ಸರ್ಟ್‌ನಲ್ಲಿ ಇದು ಬೇಗ ಗೊತ್ತಾಗುತ್ತದೆ. ಚೆನ್ನಾಗಿ ಸಾಣೆ ಹಿಡಿದ ಎಚ್.ಎಸ್.ಎಸ್. (ಹೈ ಸ್ಪೀಡ್ ಸ್ಟೀಲ್) ಟೂಲ್ ಸ್ವಲ್ಪ ತಡೆದುಕೊಳ್ಳುತ್ತದೆ.

ಕವರ್ ಹಾಕುವ ಮುಂಚೆ ಒಳಗಡೆ ಒಂದು ಚೀಟಿ ಅಂಟಿಸಿ: ಈಗ ಯಾವ ಗೇರ್ ಎಲ್ಲಿದೆ, ಫೀಡ್ ಎಷ್ಟು, ಥ್ರೆಡ್ ಹಾಕಲು ಯಾವ ಗೇರ್‌ಗಳನ್ನು ವಾಪಸ್ ಕೂರಿಸಬೇಕು. ತೆಗೆದ ಗೇರ್‌ಗಳನ್ನು ಒಂದು ಮೊಳೆಗೆ ಪೋಣಿಸಿ, ಮಷಿನ್ ಪಕ್ಕದಲ್ಲೇ ತೂಗುಹಾಕಿ.