ಬ್ಯಾನ್ ಮಾಡುವ ಮುಂಚೆ ಒಂದು ಸಾಲು ಬರೆದಿಡಿ

ಕ್ಯಾಮೆರಾ ಹವ್ಯಾಸಿಗಳ ಒಂದು ಆನ್‌ಲೈನ್ ಗುಂಪಿಗೆ ನಾನು ಕೆಲವು ವರ್ಷ ಮಾಡರೇಟರ್ ಆಗಿದ್ದೆ, ಅಂದರೆ ಚರ್ಚೆ ಹದ್ದು ಮೀರದಂತೆ ನೋಡಿಕೊಳ್ಳುವ ಕೆಲಸ. ಒಂದು ರಾತ್ರಿ ಇಬ್ಬರು ಸದಸ್ಯರು ಲೆನ್ಸ್ ವಿಚಾರಕ್ಕೆ ಜಗಳಕ್ಕಿಳಿದರು. ಮಾತು ಮನೆಮಂದಿಯ ತನಕ ಹೋಯಿತು. ಒಬ್ಬರನ್ನು ಬ್ಯಾನ್ ಮಾಡಿ, ಬೈಗುಳವನ್ನೆಲ್ಲ ಅಳಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ರಾಶಿ ಮೆಸೇಜು. ಬೈಗುಳ ಓದಿದ್ದವರು ಒಬ್ಬಿಬ್ಬರು. ಉಳಿದವರಿಗೆ ಕಂಡಿದ್ದು ಹಳೇ ಸದಸ್ಯರೊಬ್ಬರು ರಾತ್ರೋರಾತ್ರಿ ಮಾಯವಾಗಿದ್ದು ಮಾತ್ರ. ‘ಅಡ್ಮಿನ್ ತೆಗೆದ ಫೋಟೋ ಚೆನ್ನಾಗಿಲ್ಲ ಅಂದ್ರಂತೆ, ಅದಕ್ಕೇ ಓಡಿಸಿದ್ರು’ ಅನ್ನುವ ಕಥೆ ಆಗಲೇ ಹುಟ್ಟಿಕೊಂಡಿತ್ತು. ಅಲ್ಲ ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಸಾಕ್ಷಿಯನ್ನು ನಾನೇ ಅಳಿಸಿದ್ದೆ!

ಆಮೇಲೆ ಕಲಿತ ಕ್ರಮ ಇದು. ಗುಂಪು ನಡೆಸುವವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ನಿಯಮಕ್ಕೆ ನಂಬರ್ ಹಾಕಿ

‘ಸಭ್ಯವಾಗಿ ವರ್ತಿಸಿ’ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ‘ವಾದವನ್ನು ಟೀಕಿಸಿ, ವ್ಯಕ್ತಿಯನ್ನು ಬೈಯಬೇಡಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಏಳೆಂಟು ನಿಯಮ ಸಾಕು. ಯಾವ ತಪ್ಪಿಗೆ ಏನು ಕ್ರಮ ಎನ್ನುವುದನ್ನೂ ಅಲ್ಲೇ ಬರೆಯಿರಿ: ಮೊದಲು ಎಚ್ಚರಿಕೆ, ಆಮೇಲೆ 3 ದಿನ ತಡೆ, ಆಮೇಲೆ 30 ದಿನ, ಕೊನೆಗೆ ಶಾಶ್ವತ. ಬೆದರಿಕೆ ಹಾಕಿದವರಿಗೆ, ಇನ್ನೊಬ್ಬರ ವಿಳಾಸ ಬಯಲು ಮಾಡಿದವರಿಗೆ ಈ ಮೆಟ್ಟಿಲು ಅನ್ವಯಿಸುವುದಿಲ್ಲ ಎಂದೂ ಮೊದಲೇ ಹೇಳಿಬಿಡಿ.

ಸದಸ್ಯರಿಗೆ ಕಳಿಸುವ ನೋಟಿಸ್

ಜಾಸ್ತಿ ಎಡವುವುದು ಇಲ್ಲೇ. ನಾನು ಕಳಿಸುತ್ತಿದ್ದ ನೋಟಿಸ್ ಹೀಗಿರುತ್ತಿತ್ತು: ‘ನಿಮ್ಮ ವರ್ತನೆ ಸರಿಯಿಲ್ಲ. ನಿಯಮ ಓದಿಕೊಳ್ಳಿ.’ ಇದರಲ್ಲಿ ಸಿಟ್ಟು ಇದೆ, ಮಾಹಿತಿ ಇಲ್ಲ. ಈಗ ಬರೆಯುವುದಾದರೆ ಹೀಗೆ:

‘ನಿನ್ನೆ ರಾತ್ರಿ 10.40ಕ್ಕೆ ಲೆನ್ಸ್ ಚರ್ಚೆಯಲ್ಲಿ ನೀವು ಹಾಕಿದ ಉತ್ತರ ತೆಗೆದಿದ್ದೇವೆ. ಅದರ ಎರಡನೇ ಸಾಲು ನಿಯಮ 2ಕ್ಕೆ ವಿರುದ್ಧ. 3 ದಿನ ನೀವು ಬರೆಯುವಂತಿಲ್ಲ, ಓದಬಹುದು. ನಿರ್ಧಾರ ತಪ್ಪು ಅನ್ನಿಸಿದರೆ ಈ ಮೆಸೇಜಿಗೇ ಉತ್ತರ ಕೊಡಿ, ಬೇರೆ ಮಾಡರೇಟರ್ ನೋಡುತ್ತಾರೆ.’

ಯಾವ ಮಾತು, ಯಾವ ನಿಯಮ, ಎಷ್ಟು ದಿನ, ಎಲ್ಲಿ ಕೇಳಬೇಕು. ಇಷ್ಟೇ. ದೊಡ್ಡ ಕಂಪನಿಗಳೂ ಇದನ್ನು ತಾವಾಗಿ ಕಲಿಯಲಿಲ್ಲ ಬಿಡಿ. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆ 2024ರ ಫೆಬ್ರುವರಿಯಲ್ಲಿ ಪೂರ್ತಿ ಜಾರಿಗೆ ಬಂತು. ಪೋಸ್ಟ್ ತೆಗೆದರೆ ಅಥವಾ ಖಾತೆ ತಡೆದರೆ ಬಳಕೆದಾರರಿಗೆ ಸ್ಪಷ್ಟ ಕಾರಣ ಕೊಡಬೇಕು ಎನ್ನುತ್ತದೆ ಅದರ 17ನೇ ವಿಧಿ. ನಿರ್ಧಾರದಲ್ಲಿ ಯಂತ್ರದ ಪಾತ್ರವಿದ್ದರೆ ಅದನ್ನೂ ಹೇಳಬೇಕು. ರಾಶಿ ರಾಶಿ ಸುರಿಯುವ ಮೋಸದ ಜಾಹೀರಾತಿಗೆ ಮಾತ್ರ ಈ ಕಾರಣ ಕೊಡಬೇಕಿಲ್ಲ. ಇದು ನಮಗೂ ಸರಿಹೊಂದುತ್ತದೆ. ತಾನಾಗಿ ಜಾಹೀರಾತು ಸುರಿಯುವ ಪ್ರೋಗ್ರಾಂಗೆ, ಅಂದರೆ ಸ್ಪ್ಯಾಮ್ ಬಾಟ್‌ಗೆ, ಕಾಗದ ಬರೆಯುತ್ತಾ ಯಾಕೆ ಕೂರಬೇಕು, ಅಲ್ವಾ?

ಸದಸ್ಯರಿಗೆ ಗೊತ್ತಾಗದಂತೆ ಅವರ ಮಾತನ್ನು ಬೇರೆಯವರಿಂದ ಮರೆಮಾಡುವ ‘ಶ್ಯಾಡೋ ಬ್ಯಾನ್’ ಕೂಡ ಬಾಟ್‌ಗಳಿಗಷ್ಟೇ ಇರಲಿ. ಮನುಷ್ಯರಿಗೆ ಅದನ್ನು ಮಾಡುವುದು ಫೋನ್ ಎತ್ತಿ ಮಾತಾಡದೆ ಕೂತ ಹಾಗೆ.

ದಾಖಲೆ ಪುಸ್ತಕ

ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆಪ್ ನೋಡಿಕೊಳ್ಳುತ್ತದೆ ಎಂದು ನಂಬಿ ಸುಮ್ನೆ ಕೂರಬೇಡಿ. ಟೆಲಿಗ್ರಾಂ ಗುಂಪಿನ ‘ಇತ್ತೀಚಿನ ಕ್ರಮಗಳು’ ಪಟ್ಟಿ ಅಡ್ಮಿನ್‌ಗಳಿಗಷ್ಟೇ ಕಾಣುತ್ತದೆ, ಅದೂ 48 ಗಂಟೆಗಳದ್ದು ಮಾತ್ರ. ಒಂದು ಸಾದಾ ಸ್ಪ್ರೆಡ್‌ಶೀಟ್ ಸಾಕು: ದಿನಾಂಕ, ಕ್ರಮ, ನಿಯಮದ ನಂಬರ್, ಕ್ರಮ ಕೈಗೊಂಡ ಮಾಡರೇಟರ್, ಅವಧಿ.

ಮಾದರಿ ಬೇಕಿದ್ದರೆ ವಿಕಿಪೀಡಿಯ ನೋಡಿ. ಅಲ್ಲಿ ಯಾರನ್ನಾದರೂ ತಡೆದರೆ ಯಾವ ನಿರ್ವಾಹಕರು, ಯಾವಾಗ, ಎಷ್ಟು ಕಾಲ, ಯಾವ ಕಾರಣಕ್ಕೆ ಎನ್ನುವುದು ತಡೆ ದಾಖಲೆಯಲ್ಲಿ ಸೇರುತ್ತದೆ. ಯಾರು ಬೇಕಾದರೂ ತೆರೆದು ಓದಬಹುದು. ಚಿಕ್ಕ ಗುಂಪಿನಲ್ಲಿ ಅಷ್ಟು ಬೇಡ ಎನ್ನುವುದು ನನ್ನ ಅಭಿಪ್ರಾಯ. ಎಲ್ಲರೂ ಪರಿಚಯದವರೇ ಆಗಿರುವಾಗ ಹೆಸರು ನೇತುಹಾಕಿದರೆ ಅದೇ ಇನ್ನೊಂದು ಶಿಕ್ಷೆ. ಗುಂಪಿಗೆ ಇಷ್ಟು ಹೇಳಿದರೆ ಸಾಕು: ‘ಲೆನ್ಸ್ ಚರ್ಚೆಯಲ್ಲಿ ನಿಯಮ 2ರಡಿ 4 ಮಾತು ತೆಗೆದಿದ್ದೇವೆ. ಒಬ್ಬ ಸದಸ್ಯರಿಗೆ 3 ದಿನ ತಡೆ.’ ಬೈಗುಳವನ್ನು ಮತ್ತೆ ಹಾಕಬೇಡಿ. ದೂರು ಕೊಟ್ಟವರು ಯಾರು ಎನ್ನುವುದನ್ನಂತೂ ಎಷ್ಟೇ ಕೇಳಿದರೂ ಬಿಟ್ಟುಕೊಡಬೇಡಿ. ಗುಂಪು ಲೆಕ್ಕ ಕೇಳಬೇಕಾದ್ದು ಮಾಡರೇಟರ್ ಹತ್ತಿರ, ದೂರುದಾರರ ಹತ್ತಿರ ಅಲ್ಲ.

ಮೇಲ್ಮನವಿ

ಬ್ಯಾನ್ ಮಾಡಿದವರೇ ಮೇಲ್ಮನವಿ ನೋಡಿದರೆ ಉತ್ತರ ಏನು ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಇನ್ನೊಬ್ಬರು ನೋಡಲಿ. ಒಂದು ವಾರದೊಳಗೆ ಉತ್ತರ ಎಂದು ಮಿತಿ ಇಟ್ಟುಕೊಳ್ಳಿ. ಜಗಳದಲ್ಲಿ ಮಾಡರೇಟರ್ ಕೂಡ ಪಾಲುದಾರರಾಗಿದ್ದರೆ ಮೊದಲ ಕ್ರಮವನ್ನೂ ಅವರು ಕೈಗೊಳ್ಳಬಾರದು. ಒಬ್ಬರೇ ನಡೆಸುವ ಗುಂಪಾದರೆ ನಂಬಿಕೆಯ ಇಬ್ಬರು ಸದಸ್ಯರನ್ನು ಇದಕ್ಕೆಂದೇ ಒಪ್ಪಿಸಿಟ್ಟುಕೊಳ್ಳಿ.

ತಪ್ಪಾಗಿದ್ದರೆ ದಾಖಲೆಯ ಸಾಲನ್ನು ಅಳಿಸಬೇಡಿ. ಪಕ್ಕದಲ್ಲಿ ‘ಮಾಡರೇಟರ್ ತಪ್ಪು, ಕ್ರಮ ವಾಪಸ್’ ಎಂದು ಬರೆಯಿರಿ. ಗುಂಪಿನ ಎದುರು ತೆಗೆದಿದ್ದರೆ ವಾಪಸ್ ಕರೆಯುವುದೂ ಗುಂಪಿನ ಎದುರೇ ಆಗಲಿ.

ಮೂರು ತಿಂಗಳಿಗೊಮ್ಮೆ ಲೆಕ್ಕ

ಪೋಸ್ಟ್ ತೆಗೆಯುವುದು, ಖಾತೆ ತಡೆಯುವುದು ಹೇಗಿರಬೇಕು ಎಂದು ನಾಗರಿಕ ಸಂಘಟನೆಗಳು ಮತ್ತು ತಜ್ಞರು ಸೇರಿ 2018ರಲ್ಲಿ ಬರೆದ ಸಾಂಟಾ ಕ್ಲಾರಾ ತತ್ವಗಳು ದೊಡ್ಡ ಕಂಪನಿಗಳ ಮುಂದೆ ಮೂರು ಬೇಡಿಕೆ ಇಟ್ಟಿದ್ದವು: ಅಂಕಿಸಂಖ್ಯೆ, ನೋಟಿಸ್, ಮೇಲ್ಮನವಿ. ಕೊನೆಯ ಎರಡು ಮೇಲೆ ಆಗಲೇ ಬಂದವು. ಮೊದಲನೆಯದಕ್ಕೆ ನಿಮ್ಮ ಸ್ಪ್ರೆಡ್‌ಶೀಟನ್ನು ಕೂಡಿದರೆ ಮುಗಿಯಿತು: ಎಷ್ಟು ಎಚ್ಚರಿಕೆ, ಎಷ್ಟು ತಡೆ, ಎಷ್ಟು ವಾಪಸ್.

ನಾನು ಮೊದಲ ಸಲ ಕೂಡಿದಾಗ ಒಂದು ವಿಚಿತ್ರ ಕಂಡಿತು. ನನ್ನ ಕ್ರಮಗಳಲ್ಲಿ ಹೆಚ್ಚಿನವು ರಾತ್ರಿ 11ರ ನಂತರದವು. ಅಂದಿನಿಂದ ಆ ಹೊತ್ತಿನಲ್ಲಿ ಚರ್ಚೆಗೆ ಬೀಗ ಹಾಕುತ್ತಿದ್ದೆ ಅಷ್ಟೇ, ಬ್ಯಾನ್ ಬೆಳಿಗ್ಗೆ ಕಾಫಿ ಆದಮೇಲೆ.