ಟಾರ್ಚ್ ಬೆಳಕಿನಲ್ಲಿ ಕಂಡ ಚೆಕ್‌ರೋಲ್

ಕೊಡಗಿನ ಸಿದ್ದಾಪುರದ ಬಳಿಯ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಹೆಸರು ಕೇಳಿ ಕಥೆ, ಕಾದಂಬರಿ ಬರೆಯುವವನೆಂದು ತಿಳಿಯಬೇಡಿ. ನಾನು ಬರೆಯುವುದು ಕೆಲಸದವರ ಹಾಜರಿ, ಕೂಲಿ, ಗೊಬ್ಬರದ ಚೀಲ ಮತ್ತು ಡೀಸೆಲ್ ಲೆಕ್ಕ. ಮೊದಲು ಇದೆಲ್ಲ ಉದ್ದನೆಯ ಚೆಕ್‌ರೋಲ್ ಪುಸ್ತಕದಲ್ಲಿ ಇರುತ್ತಿತ್ತು. 2019ರಲ್ಲಿ ಸಾಹುಕಾರರು ಲ್ಯಾಪ್‌ಟಾಪ್ ತೆಗೆಸಿಕೊಟ್ಟ ಮೇಲೆ ಎಕ್ಸೆಲ್‌ಗೆ ಹೋಯಿತು. ಪುಸ್ತಕದ ಒಂದು ಗುಣವನ್ನು ಆಗ ನಾನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ: ಅದು ಮಳೆಗೆ ನೆನೆದರೂ ಓದಲು ಬರುತ್ತಿತ್ತು.

ಕೊಡಗಿನ ಮಳೆಗಾಲದ ತಿಂಗಳು ಕಕ್ಕಡ ಆಗಷ್ಟೇ ಹುಟ್ಟಿತ್ತು. ಗುರುವಾರ ಸಂಜೆ. ಶನಿವಾರ ಬಟವಾಡೆ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವ ಸದ್ದಿಗೆ ಎದುರಿಗಿದ್ದವರ ಮಾತೂ ಕೇಳುತ್ತಿರಲಿಲ್ಲ. ಮೇಸ್ತ್ರಿ ಕೊಟ್ಟ ಚೀಟಿಯಿಂದ ಹಾಜರಿ ಏರಿಸುತ್ತಿದ್ದೆ. ಬಲ್ಬಿನ ಬೆಳಕು ಪರದೆಯ ಮೇಲೆ ಬಿದ್ದು ಕಣ್ಣಿಗೆ ಕುಕ್ಕುತ್ತಿತ್ತು ಎಂದು ಮುಚ್ಚಳವನ್ನು ಸ್ವಲ್ಪ ಹಿಂದಕ್ಕೆ ತಳ್ಳಿದೆ. ಪರದೆ ಕಪ್ಪಾಯಿತು. ತಳ್ಳಿದ್ದಕ್ಕೂ ಕಪ್ಪಾಗಿದ್ದಕ್ಕೂ ಸಂಬಂಧವಿದೆ ಎಂದು ಹೊಳೆಯಲು ನನಗೆ ಮೂರು ದಿನ ಬೇಕಾಯಿತು.

ಆಫ್ ಮಾಡಿ ಆನ್ ಮಾಡಿದೆ. ಫ್ಯಾನ್ ತಿರುಗಿತು. ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ಪುಟ್ಟ ದೀಪ ಹತ್ತಿ ಆರುತ್ತಿತ್ತು. ಕುರುಡನಂತೆ ಪಾಸ್‌ವರ್ಡ್ ಹೊಡೆದು, ಪೆನ್‌ಡ್ರೈವ್ ಚುಚ್ಚಿದರೆ ಎಂದಿನಂತೆ 'ಟುಂಗ್' ಎಂಬ ಸದ್ದೂ ಬಂತು. ಯಂತ್ರಕ್ಕೆ ಜೀವವಿದೆ, ಮುಖ ಮಾತ್ರ ತೋರಿಸುತ್ತಿಲ್ಲ ಎಂದಾಯಿತು. ಬ್ರೈಟ್‌ನೆಸ್ ಕೀ ಒತ್ತಿ ಒತ್ತಿ ಬೆರಳು ನೋಯಿತೇ ಹೊರತು ಬೆಳಕು ಬರಲಿಲ್ಲ.

ನಮ್ಮಲ್ಲಿ ಮಳೆಗಾಲದಲ್ಲಿ ಏನು ಕೆಟ್ಟರೂ ತೇವದ ತಲೆಗೆ ಕಟ್ಟುತ್ತಾರೆ. ಬೆಲ್ಟಿಗೆ ಬೂಸ್ಟು ಹಿಡಿಯುತ್ತದೆ, ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆ. ಹಾಗಾಗಿ ನನಗೂ ಮೊದಲು ತೇವದ ಮೇಲೆಯೇ ಅನುಮಾನ. "ಅಗ್ಗಿಷ್ಟಿಕೆಯ ಹತ್ತಿರ ಒಂದು ಗಳಿಗೆ ಇಡಿ, ಬಟ್ಟೆಯೇ ಒಣಗುತ್ತದಂತೆ, ಇದೇನು ಮಹಾ" ಎಂದಳು ಹೆಂಡತಿ. ಪುಣ್ಯಕ್ಕೆ ಇಡಲಿಲ್ಲ. ಬಟ್ಟೆ ಒಣಗಿಸುವ ಕಾವಿಗೆ ಪರದೆಯ ಒಳಗಿನ ಅಂಟು, ತೆಳು ಹಾಳೆಗಳೆಲ್ಲ ಸೊಟ್ಟಗಾಗುತ್ತವೆ. ಅಕ್ಕಿಯಲ್ಲಿ ಹೂಳುವ ಮದ್ದನ್ನೂ ಕೆಲವರು ಹೇಳುತ್ತಾರೆ. ಆಷಾಢದ ಅಕ್ಕಿಯೇ ತೇವ ಕುಡಿದಿರುವಾಗ ಅದು ಲ್ಯಾಪ್‌ಟಾಪನ್ನು ಏನು ಒಣಗಿಸೀತು?

ಪೇಟೆಯ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ನಾನು ಹೇಳಿ ಮುಗಿಸುವ ಮೊದಲೇ ಉತ್ತರ ಬಂತು: "ಡಿಸ್‌ಪ್ಲೇ ಹೋಗಿದೆ, ಹೊಸದು ಹಾಕಬೇಕು, 7,500 ಆಗುತ್ತದೆ." ನಾಡಿ ಹಿಡಿಯದೆ ಕಾಯಿಲೆ ಹೇಳುವ ಪಂಡಿತರನ್ನು ಕಂಡಿದ್ದೇನೆ. ಇವರು ರೋಗಿಯನ್ನೂ ನೋಡಿರಲಿಲ್ಲ.

ಎಂಟು ಗಂಟೆಗೆ ಕರೆಂಟ್ ಹೋಯಿತು. ಅದರ ಹಿಂದೆಯೇ ಮೇಸ್ತ್ರಿ ಬಂದು, ಕೆಳಗಿನ ಬ್ಲಾಕಿನಲ್ಲಿ ಆನೆ ಇದೆ, ಲೈನ್ ಮನೆಗಳಲ್ಲಿರುವ ಕೆಲಸದವರಿಗೆ ಹೊರಗೆ ಬರಬೇಡಿ ಎಂದು ಹೇಳಿ ಬಂದೆ ಎಂದ. ದೊಡ್ಡ ಟಾರ್ಚ್ ಹಿಡಿದು ಜಗಲಿಯಿಂದ ಒಂದು ಸುತ್ತು ನೋಡಿದೆವು. ಮಳೆಯ ಎಳೆಗಳನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಒಳಗೆ ಬಂದು ಟಾರ್ಚನ್ನು ಆರಿಸದೆ ಮೇಜಿನ ಮೇಲೆ ಅಡ್ಡ ಮಲಗಿಸಿದೆ. ಬೆಳಕು ಪರದೆಯ ಮೇಲೆ ಓರೆಯಾಗಿ ಹಾಯಿತು. ಅಲ್ಲಿ, ಕಪ್ಪು ಗಾಜಿನ ಆಳದಲ್ಲಿ, ಬೂದಿಬಣ್ಣದ ತೆಳು ಗೆರೆಗಳು. ಬಗ್ಗಿ ನೋಡಿದರೆ ನನ್ನದೇ ಚೆಕ್‌ರೋಲ್. ಹೆಸರಿನ ಸಾಲು, ಅದರ ಮುಂದೆ ಒಂದು, ಅರ್ಧ, ಒಂದು, ಆಬ್ಸೆಂಟ್. ಟಾರ್ಚ್ ಸ್ವಲ್ಪ ಸರಿಸಿದರೆ ಮಾಯ, ಮತ್ತೆ ಓರೆಯಾಗಿ ಹಿಡಿದರೆ ಪ್ರತ್ಯಕ್ಷ.

ಗೊತ್ತಿಲ್ಲದೆಯೇ ನಾನು ಮಾಡಿದ್ದು ಮೆಕ್ಯಾನಿಕ್‌ಗಳು ಮೊದಲು ಮಾಡುವ ಪರೀಕ್ಷೆ. ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ತೊಗಲುಗೊಂಬೆಯಾಟ ನೆನಪಿಸಿಕೊಳ್ಳಿ. ಗೊಂಬೆ ಕುಣಿಯುವುದು ಪರದೆಯ ಹಿಂದೆ, ನಮಗೆ ಕಾಣುವುದು ಅದರ ಹಿಂದಿನ ದೀಪದಿಂದ. ದೀಪ ಆರಿದರೂ ಗೊಂಬೆ ಕುಣಿಯುತ್ತಲೇ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಆ ದೀಪವೆಂದರೆ ಪರದೆಯ ಅಂಚಿನಲ್ಲಿ ಸಾಲಾಗಿ ಕೂತ ಎಲ್‌ಇಡಿಗಳು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಇವುಗಳ ಜಾಗದಲ್ಲಿ ತೆಳ್ಳನೆಯ ಟ್ಯೂಬ್‌ಲೈಟ್ ಇರುತ್ತಿತ್ತು. ನನ್ನ ಪರದೆಯಲ್ಲಿ ಗೊಂಬೆ ಸರಿಯಿತ್ತು, ದೀಪ ಮಾತ್ರ ಆರಿತ್ತು.

ಟಾರ್ಚ್ ಹಿಡಿದರೂ ಏನೂ ಕಾಣದಿದ್ದರೆ ದಾರಿ ಬೇರೆ. ಹಿಂದಿನ ವರ್ಷ ಹೆಂಡತಿಯ ತಮ್ಮನ ಲ್ಯಾಪ್‌ಟಾಪ್ ಹಾಗಾಗಿತ್ತು. ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಿ, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿದು, ರ‍್ಯಾಮ್ ತೆಗೆದು ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಮೆತ್ತಗೆ ಒರೆಸಿ ಮತ್ತೆ ಕೂರಿಸಿದಾಗ ಸರಿಹೋಯಿತು. ಅಲ್ಲಿ ತೇವದ ಮೇಲಿನ ಅನುಮಾನ ನಿಜವಾಗಿತ್ತು. ಇನ್ನೊಮ್ಮೆ, ಪಕ್ಕದ ಹೋಂಸ್ಟೇಯವರು "ಟೈಪ್ ಮಾಡುತ್ತಿದ್ದಂತೆ ಕತ್ತಲಾಗುತ್ತದೆ, ದೆವ್ವ ಹೊಕ್ಕಿದೆ" ಎಂದು ಕರೆದರು. ದೆವ್ವ ಅವರ ಮೊಬೈಲ್ ಕವರಿನಲ್ಲಿತ್ತು. ಮುಚ್ಚಳ ಮುಚ್ಚಿದೆಯೋ ಇಲ್ಲವೋ ಎಂದು ಲ್ಯಾಪ್‌ಟಾಪ್ ತಿಳಿಯುವುದು ಮುಚ್ಚಳದಲ್ಲಿರುವ ಸಣ್ಣ ಅಯಸ್ಕಾಂತದಿಂದ. ಕವರಿನ ಅಯಸ್ಕಾಂತ ಅಂಗೈ ಊರುವ ಜಾಗಕ್ಕೆ ಬಂದಾಗಲೆಲ್ಲ ಅದು ಮುಚ್ಚಳ ಮುಚ್ಚಿತೆಂದು ತಿಳಿದು ಮಲಗುತ್ತಿತ್ತು. ಮೊಬೈಲನ್ನು ಎರಡು ಅಡಿ ದೂರ ಇಡಿಸಿ, ಅವರ ಮನೆಯ ಕಾಫಿ ಕುಡಿದು ಬಂದೆ.

ಶುಕ್ರವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಂಗಲೆಗೆ ಒಯ್ದೆ. ದುರಸ್ತಿ ಆಮೇಲೆ, ಮೊದಲು ಬಟವಾಡೆ. ಟಿವಿಗೆ ಎಚ್‌ಡಿಎಂಐ ಕೇಬಲ್ ಚುಚ್ಚಿದರೂ ತಕ್ಷಣ ಚಿತ್ರ ಬರಲಿಲ್ಲ. ವಿಂಡೋಸ್ ಕೀ ಜೊತೆ ಪಿ ಒತ್ತಿ, ಪಕ್ಕದಲ್ಲಿ ತೆರೆದ ಪಟ್ಟಿಯನ್ನು ಟಾರ್ಚಿನಲ್ಲಿ ಓದಿ, 'ಡುಪ್ಲಿಕೇಟ್' ಆರಿಸಿದೆ. ಟಿವಿಯ ತುಂಬ ಚೆಕ್‌ರೋಲ್! ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್‌ಗೆ ಏನೂ ಆಗಿಲ್ಲವೆಂಬುದು ಇಲ್ಲಿ ಖಾತ್ರಿಯಾಯಿತು. ಸಾಹುಕಾರರು ಕನ್ನಡಕ ಏರಿಸಿಕೊಂಡು ಬಂದು ನಿಂತರು. "ಏನು ರೈಟರೇ, ಡೀಸೆಲ್ ಇಷ್ಟೊಂದು ಖರ್ಚಾಗಿದೆಯೇ?" ಇಷ್ಟು ವರ್ಷ ಅದೇ ಲೆಕ್ಕವನ್ನು ಸಣ್ಣ ಅಕ್ಷರದಲ್ಲಿ ಪ್ರಿಂಟ್ ಮಾಡಿ ಕೊಡುತ್ತಿದ್ದೆ. ಯಾರೂ ಕೇಳಿರಲಿಲ್ಲ. ಲೆಕ್ಕ ಮುಗಿಸಿ, ಪೆನ್‌ಡ್ರೈವ್‌ಗೆ ಎಲ್ಲವನ್ನೂ ಇಳಿಸಿಕೊಂಡು, ಪ್ರಿಂಟ್ ತೆಗೆದುಕೊಂಡು ಬಂದೆ.

ಭಾನುವಾರ ನಿಧಾನವಾಗಿ ಕೂತೆ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿದು ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಒತ್ತಿದೆ, 'ಬೀಪ್' ಎಂದಿತು, ಕತ್ತಲು ಹಾಗೇ ಇತ್ತು. ಆನ್ ಮಾಡುವಾಗಲೇ ಬಯೋಸ್‌ಗೆ ಹೋದೆ, ಅಲ್ಲೂ ಕತ್ತಲು. ವಿಂಡೋಸ್ ಇನ್ನೂ ಎದ್ದೇ ಇಲ್ಲದ ಜಾಗದಲ್ಲೂ ಕತ್ತಲೆಂದರೆ ತಪ್ಪು ಸಾಫ್ಟ್‌ವೇರಿನದಲ್ಲ. ಹಾಗಾದರೆ ಎಲ್‌ಇಡಿ ಸಾಲು ಸುಟ್ಟಿರಬೇಕು, ಇಲ್ಲವೇ ಮದರ್‌ಬೋರ್ಡಿನಲ್ಲಿ ದೀಪಕ್ಕೆಂದೇ ಇರುವ ಸಣ್ಣ ಫ್ಯೂಸ್ ಹೋಗಿರಬೇಕು, ಇಲ್ಲವೇ ನಡುವಿನ ಡಿಸ್‌ಪ್ಲೇ ಕೇಬಲ್ ಕೆಟ್ಟಿರಬೇಕು. ಸೋತು, ಸಾಕಪ್ಪ ಎಂದು ಮುಚ್ಚಳ ಮುಚ್ಚಲು ಹೋದೆ. ಅರ್ಧ ಮುಚ್ಚುತ್ತಿದ್ದಂತೆ ಪರದೆ ಝಗ್ಗೆಂದು ಹೊತ್ತಿತು.

ತೆರೆದರೆ ಕತ್ತಲು, ಅರ್ಧ ಮುಚ್ಚಿದರೆ ಬೆಳಕು. ಹತ್ತು ಸಲ ಮಾಡಿದೆ, ಹತ್ತು ಸಲವೂ ಹಾಗೆಯೇ. ಸುಟ್ಟ ದೀಪ ಮುಚ್ಚಳದ ಕೋನ ನೋಡಿ ಹತ್ತುವುದಿಲ್ಲ. ಫ್ಯೂಸೂ ಅಷ್ಟೆ. ಮುಚ್ಚಳದ ಜೊತೆ ಬಾಗುವುದು ಒಂದೇ, ಕೀಲಿನ ಮೂಲಕ ಹಾಯುವ ಕೇಬಲ್. 7,500 ರೂಪಾಯಿಯ ಪರದೆಗೆ ಏನೂ ಆಗಿರಲಿಲ್ಲ.

ಬಿಚ್ಚುವ ಮೊದಲು ದಿನಪತ್ರಿಕೆಯ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ ಬರೆದು, ತೆಗೆದ ಒಂದೊಂದು ಸ್ಕ್ರೂವನ್ನೂ ಅದರದರ ಜಾಗದಲ್ಲೇ ಇಟ್ಟೆ. ಉದ್ದ ಗಿಡ್ಡ ಅದಲು ಬದಲಾದರೆ ಉದ್ದದ ಸ್ಕ್ರೂ ಇನ್ನೊಂದು ಕಡೆ ತೂತು ಮಾಡಿಕೊಂಡು ಹೊರಬರುತ್ತದೆ. ಎರಡು ಸ್ಕ್ರೂ ರಬ್ಬರ್ ಪಾದದ ಅಡಿಯಲ್ಲಿ ಅಡಗಿದ್ದವು. ಪ್ಲಾಸ್ಟಿಕ್ ಕೊಕ್ಕೆಗಳನ್ನು ಬಿಡಿಸಲು ಅವಧಿ ಮುಗಿದ ಎಟಿಎಂ ಕಾರ್ಡಿಗಿಂತ ಒಳ್ಳೆಯ ಹತಾರ ಇಲ್ಲ. ಒಳಗೆ ಕೈ ಹಾಕಿದ ಮೇಲೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಕಳಚುವುದು. ಚಾರ್ಜರ್ ತೆಗೆದಿದ್ದೇನಲ್ಲ, ಸಾಕು ಎಂದುಕೊಳ್ಳಬಾರದು. ದೀಪಕ್ಕೆ ಹೋಗುವ ತಂತಿಯಲ್ಲಿ ಬ್ಯಾಟರಿ ಅಥವಾ ಚಾರ್ಜರಿನ ಪೂರ್ತಿ ವೋಲ್ಟೇಜ್, 19 ವೋಲ್ಟಿನವರೆಗೂ, ಇರಬಹುದು. ಅದೇ ಕನೆಕ್ಟರಿನಲ್ಲಿ ಕೂದಲೆಳೆಯ ದೂರದಲ್ಲಿರುವ ಬೇರೆ ಪಿನ್ನುಗಳಿಗೆ ಬೇಕಾದುದು 3.3 ವೋಲ್ಟ್. ಬ್ಯಾಟರಿ ಇದ್ದಾಗಲೇ ಕನೆಕ್ಟರನ್ನು ಸ್ವಲ್ಪ ಸೊಟ್ಟಗೆ ಚುಚ್ಚಿದರೂ ಸಾಕು, ಒಳ್ಳೆಯ ಫ್ಯೂಸೋ ಒಳ್ಳೆಯ ಪರದೆಯೋ ಅಲ್ಲೇ ಹೋಗುತ್ತದೆ.

ಕೀಲಿನ ಬಳಿ ನೋಡಿದಾಗ ಕೇಬಲ್ಲಿನ ಮೇಲಿದ್ದ ಸಿಟ್ಟು ಇಳಿಯಿತು. ಬಲಗಡೆಯ ಕೀಲನ್ನು ಹಿಡಿದಿದ್ದ ಹಿತ್ತಾಳೆಯ ನಟ್ಟು ಪ್ಲಾಸ್ಟಿಕ್ಕಿನ ತುಣುಕಿನ ಸಮೇತ ಕಿತ್ತು ಬಂದಿತ್ತು. ಮುಚ್ಚಳ ತೆರೆದಾಗಲೆಲ್ಲ ಕೀಲು ಮೇಲೆದ್ದು, ಪಕ್ಕದಲ್ಲೇ ಹಾಯ್ದಿದ್ದ ಕೇಬಲ್ಲನ್ನು ಅಡಿಕೆ ಕತ್ತರಿಯಂತೆ ಅದುಮುತ್ತಿತ್ತು. ಕಾಯಿಕೊರಕದ ತೂತು ಹುಡುಕಲು ಇಟ್ಟುಕೊಂಡಿದ್ದ ಭೂತಗನ್ನಡಿಯಲ್ಲಿ ನೋಡಿದೆ. ಕಪ್ಪು ಟೇಪು ಸವೆದು, ಕೂದಲಿಗಿಂತ ತುಸುವೇ ದಪ್ಪದ ಎರಡು ತಂತಿಗಳು ತಾಮ್ರ ತೋರಿಸುತ್ತಿದ್ದವು. ಒಂದು ಪೂರ್ತಿ ತುಂಡಾಗಿ, ಬಾಗಿದಾಗ ಮಾತ್ರ ತುದಿಗೆ ತುದಿ ತಾಗುತ್ತಿತ್ತು. ಕೀಲು ಸಡಿಲವಾದದ್ದು ಯಾರಿಂದ? ಎಡಗೈಯಲ್ಲಿ ಕಾಫಿ ಲೋಟ, ಬಲಗೈಯಲ್ಲಿ ಬಲಮೂಲೆ ಹಿಡಿದು ಮುಚ್ಚಳ ಎತ್ತುವುದು ಇಷ್ಟು ವರ್ಷ ನನ್ನದೇ ಅಭ್ಯಾಸ. ಮಳೆರಾಯನ ಮೇಲೆ ಹೊರಿಸಿದ್ದ ಆರೋಪವನ್ನು ಹಿಂದಕ್ಕೆ ತೆಗೆದುಕೊಂಡೆ.

ಬೆಸುಗೆ ಹಾಕಬಹುದೆಂದು ಒಬ್ಬರು ಹೇಳಿದರು. ಆ ಎಳೆಗಳಿಗೆ ಬೆಸುಗೆ ಹಾಕಿದರೂ ಬಾಗುವ ಜಾಗದಲ್ಲಿ ಅದು ನಿಲ್ಲುವುದಿಲ್ಲ. ಹೊಸ ಕೇಬಲ್ ತರಿಸುವುದೇ ಸರಿ. ಇಲ್ಲೊಂದು ದಡ್ಡತನ ಮಾಡಿದೆ. ಲ್ಯಾಪ್‌ಟಾಪಿನ ಮಾದರಿಯ ಹೆಸರನ್ನಷ್ಟೇ ಕೊಟ್ಟು ತರಿಸಿದೆ. ಬಂದದ್ದು 40 ಪಿನ್ನಿನದು, ನನಗೆ ಬೇಕಿದ್ದದ್ದು 30. ಒಂದೇ ಮಾದರಿಯಲ್ಲೂ ಬೇರೆ ಬೇರೆ ಪರದೆ ಇರುತ್ತದೆ, ಅದಕ್ಕೆ ತಕ್ಕಂತೆ ಕೇಬಲ್. ಹಳೆಯ ಕೇಬಲ್ಲಿನ ಮೇಲೆ ಬಿಳಿ ಚೀಟಿಯಲ್ಲಿ ಪಾರ್ಟ್ ನಂಬರ್ ಅಚ್ಚಾಗಿರುತ್ತದೆ, ಕೇಳಬೇಕಾದದ್ದು ಅದನ್ನು. ವಾಪಸು ಕಳಿಸಿ, ಸರಿಯಾದದ್ದಕ್ಕೆ 650 ರೂಪಾಯಿ ಕಟ್ಟಿ ಕಾದೆ. ಕಾಯುವ ದಿನಗಳಲ್ಲಿ ರಸ್ತೆಗೆ ಮರ ಬಿತ್ತು, ಕರಡಿಗೋಡಿನ ಕಡೆ ಹೊಳೆ ಏರಿತು, ಕೊರಿಯರ್ ಹುಡುಗ ಎರಡು ಸಲ ಅರ್ಧ ದಾರಿಯಿಂದ ತಿರುಗಿ ಹೋದ. ಅಲ್ಲಿಯವರೆಗೆ ಲ್ಯಾಪ್‌ಟಾಪನ್ನು ಮತ್ತೆ ಜೋಡಿಸಿ, ಮುಚ್ಚಳ ಹಿಂದಕ್ಕೆ ಬೀಳದಂತೆ ಹಳೆಯ ಚೆಕ್‌ರೋಲ್ ಪುಸ್ತಕಗಳನ್ನು ಒತ್ತುಕೊಟ್ಟು, ಅರ್ಧ ತೆರೆದ ಪರದೆಯೊಳಗೆ ಇಣುಕಿ ಇಣುಕಿ ಲೆಕ್ಕ ಬರೆದೆ. ಪುಸ್ತಕಗಳು ಮತ್ತೆ ಕೆಲಸಕ್ಕೆ ಬಂದವು.

ಕೇಬಲ್ ಬಂದದ್ದು ಕಕ್ಕಡ ಹದಿನೆಂಟರಂದು. ಆ ದಿನದ ವಾಡಿಕೆಯಂತೆ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ಸೊಪ್ಪು ಬೇಯಿಸಿದ ನೀರನ್ನು ಸೋಸಿಕೊಟ್ಟವನು ನಾನೇ ಆದ್ದರಿಂದ ಹತ್ತು ಬೆರಳೂ ನೇರಳೆ. ಹಾಗೆಯೇ ಪರದೆ ಮುಟ್ಟಲು ಹೊರಟವನನ್ನು ಹೆಂಡತಿ ಹಿಡಿದು ಕೈ ತೊಳೆಯಲು ಕಳಿಸಿದಳು. ಕೈ ಒರೆಸಿಕೊಂಡು, ಮತ್ತೆ ಬ್ಯಾಟರಿ ಕಳಚಿ, ಪರದೆಯ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನು ಬಿಡಿಸಿ, ಪರದೆಯನ್ನು ಕೀಬೋರ್ಡಿನ ಮೇಲೆ ಹಾಸಿದ ಟವೆಲಿಗೆ ಬೋರಲಾಗಿ ಮಲಗಿಸಿದೆ. ಕನೆಕ್ಟರಿನ ಮೇಲೆ ಪಾರದರ್ಶಕ ಟೇಪು. ಅದನ್ನು ಸುಲಿದು, ಸಣ್ಣ ತಂತಿಯ ಚಿಲಕ ಎತ್ತಿ, ಹಳೆಯದನ್ನು ನೇರವಾಗಿ ಹಿಂದಕ್ಕೆ ಜಾರಿಸಿದೆ. ಮೇಲಕ್ಕೆ ಎಳೆದರೆ ಪಿನ್ನು ಕಿತ್ತು ಬರುತ್ತದೆ. ಹೊಸದು ಎರಡೂ ಬದಿ ಸಮವಾಗಿ ಒಳಹೋಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿದ ಮೇಲೆಯೇ ಚಿಲಕ ಹಾಕಿದೆ.

ಕೀಲು ಸರಿಯಾಗದೆ ಕೇಬಲ್ ಹಾಕುವುದು ಸೋರುವ ಮಾಡಿನ ಕೆಳಗೆ ಹೊಸ ಚಾಪೆ ಹಾಸಿದಂತೆ. ಕಿತ್ತ ನಟ್ಟನ್ನು ಎರಡು ಭಾಗ ಕಲಸುವ ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ಸ್ಕ್ರೂ ತೂತಿಗೆ ಅಂಟು ಇಳಿಯದಂತೆ ಒಂದು ಕಡ್ಡಿ ಚುಚ್ಚಿ, ಇಡೀ ರಾತ್ರಿ ಬಿಟ್ಟೆ. ಕಕ್ಕಡದ ಥಂಡಿಗೆ ಅಂಟು ಗಟ್ಟಿಯಾಗಲು ಮರುದಿನ ಮಧ್ಯಾಹ್ನವಾಯಿತು. ಬಿಗಿಯಾಗಿದ್ದ ಕೀಲಿನ ಸ್ಕ್ರೂವನ್ನೂ ತುಸು ಸಡಿಲಿಸಿದೆ, ಮುಚ್ಚಳ ಎತ್ತಲು ಬೇಕಾದ ಬಲವೇ ಕಡಿಮೆಯಾಗಲೆಂದು. ಕೇಬಲ್ಲನ್ನು ಎಳೆದು ಕಟ್ಟದೆ, ಕೀಲಿನ ಬಳಿ ಬಾಗಲು ಸ್ವಲ್ಪ ಸಡಿಲ ಬಿಟ್ಟು ಅದರ ಕಾಲುವೆಯಲ್ಲಿ ಕೂರಿಸಿದೆ. ಕೊನೆಗೆ ಬ್ಯಾಟರಿ. ಬಟನ್ ಒತ್ತಿ, ಮುಚ್ಚಳವನ್ನು ಎರಡೂ ಕೈಯಿಂದ ನಡುವಿನಲ್ಲಿ ಹಿಡಿದು, ಹಿಂದಕ್ಕೆ, ಇನ್ನೂ ಹಿಂದಕ್ಕೆ ತಂದೆ. ಬೆಳಕು ಹಾಗೆಯೇ ಇತ್ತು.

ಆ ವಾರದ ಚೆಕ್‌ರೋಲ್ ಪ್ರಿಂಟ್ ಹಿಡಿದು ಬಂಗಲೆಗೆ ಹೋದರೆ, ಸಾಹುಕಾರರು ಟಿವಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಲ್ಯಾಪ್‌ಟಾಪ್ ಸರಿಯಾಯಿತು, ಇನ್ನು ಟಿವಿ ಬೇಕಾಗಿಲ್ಲ ಎಂದೆ.

"ಹಾಜರಿ ಪ್ರಿಂಟಿನಲ್ಲೇ ಇರಲಿ ರೈಟರೇ," ಎಂದರು. "ಡೀಸೆಲ್ ಲೆಕ್ಕ ಮಾತ್ರ ಇದರಲ್ಲೇ ನೋಡೋಣ."