ಬ್ರಾಸ್, ಘನ ಮೀಟರ್ ಮತ್ತು ಹಸಿ ಉಸುಕು: ನನ್ನ ಅನುಭವ

ವಿಜಯಪುರದ ಕಡೆ ಉಸುಕು, ಖಡಿ (ಜಲ್ಲಿ) ಕೇಳಿದರೆ ಜಾಸ್ತಿ ಮಂದಿ ಬ್ರಾಸ್ ಲೆಕ್ಕದಲ್ಲೇ ರೇಟು ಹೇಳುತ್ತಾರೆ. ಇಂಜಿನಿಯರ್ ಎಸ್ಟಿಮೇಟ್ ಇರುವುದು ಘನ ಮೀಟರಿನಲ್ಲಿ. ಮನೆ ಕಟ್ಟಿಸುವ ಕೆಲಸ ನೋಡಿಕೊಳ್ಳುವ ನಾನು ಎರಡನ್ನೂ ಹೊಂದಿಸಲೇಬೇಕು. ಲೆಕ್ಕ ಸುಲಭ. ಒಂದು ಬ್ರಾಸ್ ಎಂದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್.

30 ಅಡಿಗೆ 40 ಅಡಿ, 5 ಇಂಚು ದಪ್ಪದ ಸ್ಲ್ಯಾಬ್ ತಗೊಳ್ಳಿ. 500 ಘನ ಅಡಿ ಆಯಿತು, 14.16 ಘನ ಮೀಟರ್. ರೆಡಿಮಿಕ್ಸ್, ಅಂದರೆ ಮೊದಲೇ ಕಲಸಿದ ಕಾಂಕ್ರೀಟ್ ತರಿಸುವುದಾದರೆ ಇಷ್ಟೇ ಸಾಕು, ಸ್ವಲ್ಪ ಜಾಸ್ತಿ ಹಿಡಿದು ಹೇಳಿ. ಸೈಟಿನಲ್ಲೇ ಕಲಸುವುದಾದರೆ ಬೇರೆ. ಖಡಿಯ ಸಂದಿನಲ್ಲಿ ಉಸುಕು, ಉಸುಕಿನ ಸಂದಿನಲ್ಲಿ ಸಿಮೆಂಟು ಕೂತು ಮಾಲು ಕುಗ್ಗುವುದರಿಂದ ಒಣ ಮಾಲು ಸುಮಾರು 1.54 ಪಟ್ಟು, ಅಂದರೆ 770 ಘನ ಅಡಿ ಬೇಕು. ಸಿಮೆಂಟು ಒಂದು, ಉಸುಕು ಒಂದೂವರೆ, ಖಡಿ ಮೂರರ ಮಿಶ್ರಣಕ್ಕೆ ಉಸುಕು 2.1 ಬ್ರಾಸ್, ಖಡಿ 4.2 ಬ್ರಾಸ್, ಸಿಮೆಂಟು ಸುಮಾರು 114 ಚೀಲ.

ಟ್ರಾಲಿ ಬಂದಾಗ ನಾನೇ ಟೇಪು ಹಿಡಿಯುತ್ತೇನೆ. 'ಅಣ್ಣಾ, ಖಾಲಿ ಮಾಡೂಕಿಂತ ಮೊದಲ ಮೇಲೆ ಸಮ ಮಾಡ್ರಿ' ಎಂದರೆ ಡ್ರೈವರ್ ಬೇಜಾರು ಮಾಡಿಕೊಳ್ಳುವುದಿಲ್ಲ. 10 ಅಡಿ ಉದ್ದ, 6 ಅಡಿ ಅಗಲ, 1 ಅಡಿ 8 ಇಂಚು ಎತ್ತರ ಇದ್ದರೆ ಸರಿಯಾಗಿ ಒಂದು ಬ್ರಾಸ್. ಈ 1 ಅಡಿ 8 ಇಂಚನ್ನು ಕ್ಯಾಲ್ಕುಲೇಟರಿನಲ್ಲಿ 1.8 ಎಂದು ಒತ್ತಬೇಡಿ. ಅದು 1.67. ಇಲ್ಲದಿದ್ದರೆ ಸುಮ್ನೆ 8 ಘನ ಅಡಿಗೆ ದುಡ್ಡು ಹೋಗುತ್ತದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಹಸಿಯಲ್ಲಿದೆ. ಸ್ವಲ್ಪ ನೀರು ಹಿಡಿದ ಉಸುಕು ಉಬ್ಬುತ್ತದೆ, ಯಾಕೆಂದರೆ ಕಣಗಳ ಸುತ್ತ ನೀರಿನ ಪೊರೆ ಕೂತು ಅವನ್ನು ದೂರ ತಳ್ಳುತ್ತದೆ, ಪೂರ್ತಿ ನೀರಲ್ಲಿ ಮುಳುಗಿಸಿದರೆ ಮತ್ತೆ ಇಳಿಯುತ್ತದೆ. ನೇರ ಗೋಡೆಯ ಗಾಜಿನ ಪಾತ್ರೆಯಲ್ಲಿ 20 ಸೆಂಟಿಮೀಟರ್ ಹಸಿ ಉಸುಕು ಹಾಕಿ, ನೀರು ಸುರಿದು ಕಲಕಿ, ತಳಕ್ಕೆ ಕೂತ ಮೇಲೆ ಅಳೆಯಿರಿ. 16ಕ್ಕೆ ಇಳಿದರೆ ಉಬ್ಬು ಶೇಕಡಾ 25. ಆ ಟ್ರಾಲಿಯ ಒಂದು ಬ್ರಾಸಿನಲ್ಲಿ ನಿಮಗೆ ಸಿಕ್ಕಿದ್ದು 80 ಘನ ಅಡಿ ಉಸುಕು ಅಷ್ಟೇ. ಎಸ್ಟಿಮೇಟಿನ ಅಳತೆ ಒಣ ಉಸುಕಿನದು ಅಲ್ವಾ, ಹಾಗಾಗಿ ಮಳೆಗಾಲದಲ್ಲಿ 2.1ರ ಬದಲು 2.6 ಬ್ರಾಸ್ ಹೇಳುತ್ತೇನೆ.

ಸೈಟಿನಲ್ಲಿ ಬುಟ್ಟಿಯಿಂದ ಅಳೆದು ಹಾಕುವುದನ್ನೂ ನಿಲ್ಲಿಸಿದ್ದೇನೆ. ಒಂದು ಸಿಮೆಂಟ್ ಚೀಲದ ಗಾತ್ರ ಸುಮಾರು 35 ಲೀಟರ್. ಒಳಗಡೆ 40, 35, 25 ಸೆಂಟಿಮೀಟರ್ ಇರುವ ತಗಡಿನ ಡಬ್ಬಿ ಮಾಡಿಸಿದರೆ ಅದೂ ಅಷ್ಟೇ ಹಿಡಿಯುತ್ತದೆ. ಚೀಲಕ್ಕೆ ಒಂದೂವರೆ ಡಬ್ಬಿ ಉಸುಕು, ಮೂರು ಡಬ್ಬಿ ಖಡಿ. ಉಸುಕು ಅಷ್ಟು ಹಸಿ ಇದ್ದ ದಿನ ಗೌಂಡಿಗೆ ಎರಡು ಡಬ್ಬಿಗೆ ಸ್ವಲ್ಪ ಕಡಿಮೆ ಹಾಕಿಸಿ, ನೀರು ಕಡಿಮೆ ಮಾಡಲು ಹೇಳುತ್ತೇನೆ.